ಪಾಳಿ ಎಷ್ಟು ದಿನ?

ಗುಂಜೋಟಿಯ ಮಲಕಮ್ಮನಿಗೆ ಪ್ರಶ್ನೆ ಕೇಳುವ ಕೆಲಸ ಸಿಕ್ಕಾಗ ಅವಳ ಗಂಡ ಬೀರಣ್ಣ ಎರಡು ದಿನ ನಕ್ಕ. "ಇಕಿಗಿ ಅದಕ್ಕ ಕಾಗದ ಯಾಕ ಬೇಕು? ಇಪ್ಪತ್ತೆಂಟು ವರ್ಷ ಆಯ್ತು, ಬರೇ ಬಾಯಿಲೇ ಕೇಳ್ಲತ್ತಾಳ," ಎಂದು ಹಟ್ಟಿಯ ಮುಂದೆ ಕೂತವರಿಗೆಲ್ಲ ಹೇಳಿದ. ಮಲಕಮ್ಮ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ನಲವತ್ತಾರು ವರ್ಷದಲ್ಲಿ ಮೊದಲ ಸಲ ಯಾರೋ ಅವಳ ಕೈಗೆ ಪೆನ್ನು ಕೊಟ್ಟು, ನೀವು ಬರೆದದ್ದನ್ನು ನಾವು ಓದುತ್ತೇವೆ ಎಂದಿದ್ದರು. ಅದರ ಮುಂದೆ ಗಂಡನ ನಗು ಯಾವ ಲೆಕ್ಕ!

ಅವಳು ದೇವಣಿ ಕಡೆಯ ಹೆಣ್ಣು. ಏಳನೆಯ ಇಯತ್ತೆಯವರೆಗೆ ಮರಾಠಿ ಶಾಲೆಗೆ ಹೋಗಿದ್ದಳು. ಎಂಟನೆಯದಕ್ಕೆ ಹೋಗಬೇಕೆನ್ನುವಷ್ಟರಲ್ಲಿ ಮನೆಯಲ್ಲಿ ಕುರಿ ಹೆಚ್ಚಾಗಿ ಕಾಯುವವರು ಕಡಿಮೆಯಾದರು, ಪಾಟಿಚೀಲ ಮೂಲೆ ಸೇರಿತು. ಹದಿನೆಂಟಕ್ಕೆ ಗುಂಜೋಟಿಯ ಬೀರಪ್ಪ ದೇವರ ಓಣಿಗೆ ಸೊಸೆಯಾಗಿ ಬಂದಳು. ಗಡಿಯಾಚೆಯ ಊರು: ಮನೆಯಲ್ಲಿ ಕನ್ನಡ, ಬಸ್ಸಿನ ಬೋರ್ಡಿಗೆ ಮರಾಠಿ, ದೇವರ ಮುಂದೆ ಬಾಯಿಗೆ ಬಂದದ್ದು. ಓಣಿಯ ಹೆಂಗಸರು ದವಾಖಾನೆಯ ಚೀಟಿ, ಗುಳಿಗೆಯ ಪೊಟ್ಟಣ ಏನೇ ಬರಲಿ, ಸೆರಗಿನಲ್ಲಿ ಸುತ್ತಿಕೊಂಡು ಅವಳ ಹತ್ತಿರವೇ ಬರುತ್ತಿದ್ದರು. ಅವಳೂ ಓದಿ ಹೇಳುತ್ತಿದ್ದಳು, ಓದಲು ಬಾರದ ಕಡೆ ಧೈರ್ಯದಿಂದ ಊಹಿಸಿ ಹೇಳುತ್ತಿದ್ದಳು. ಇಲ್ಲಿಯವರೆಗೆ ಯಾರಿಗೂ ಅಪಾಯವಾಗಿರಲಿಲ್ಲ.

ಕೆಲಸ ಕೊಟ್ಟವಳು ಉಜ್ವಲಾ. ನಿಲಂಗಾದ ಚಂದ್ರಯ್ಯ ಸ್ವಾಮಿಗಳ ಮಗಳು. ಸುತ್ತಲಿನ ಊರುಗಳಲ್ಲಿ ಮದುವೆ, ಮನೆ ಪ್ರವೇಶ, ಸತ್ತವರಿಗೆ ಮಣ್ಣು ಕೊಡುವುದು, ಎಲ್ಲಕ್ಕೂ ಆ ಸ್ವಾಮಿಗಳೇ ಬರಬೇಕು. ಮಗಳು ಉದಗೀರದ ಕಾಲೇಜಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಏನು ವಿಷಯ ಎಂದು ಭಕ್ತರು ಕೇಳಿದರೆ ಸ್ವಾಮಿಗಳು ಸ್ವಲ್ಪ ಕೆಮ್ಮಿ, "ರಕ್ತದ ತಪಾಸಣೆ" ಎಂದಷ್ಟೇ ಹೇಳುತ್ತಿದ್ದರು. ಸುಳ್ಳಲ್ಲ. ಈ ಸೀಮೆಯ ಹೆಂಗಸರಿಗೆ ಮೈಯಲ್ಲಿ ರಕ್ತ ಕಡಿಮೆ. ಸರಕಾರ ಕಬ್ಬಿಣದ ಗುಳಿಗೆ ಕೊಡುತ್ತದೆ, ಹೆಂಗಸರು ನುಂಗುತ್ತಾರೆ, ರಕ್ತ ಮಾತ್ರ ಏರುವುದಿಲ್ಲ. ಹಾಗಾದರೆ ಅದು ಹೋಗುವುದೆಲ್ಲಿಗೆ? ಇದು ಉಜ್ವಲಾಳ ಪ್ರಶ್ನೆ. ಮಲಕಮ್ಮನಿಗೆ ಈ ಪ್ರಶ್ನೆ ಬಹಳ ಹಿಡಿಸಿತು. ಕೊಡದಲ್ಲಿ ನೀರು ನಿಲ್ಲದಿದ್ದರೆ ತೂತು ಎಲ್ಲಿದೆ ಎಂದು ನೋಡಬೇಕಲ್ಲವೆ, ಇಷ್ಟು ದಿನ ಯಾರಿಗೂ ಹೊಳೆಯಲಿಲ್ಲವಲ್ಲ ಎಂದುಕೊಂಡಳು.

ಉಜ್ವಲಾ ತಾನೇ ಹೋಗಿ ಕೇಳಬಹುದಿತ್ತು, ಕೇಳಿಯೂ ನೋಡಿದ್ದಳು. ಆದರೆ ಸ್ವಾಮಿಗಳ ಮಗಳು ಹೊಸ್ತಿಲಿಗೆ ಬಂದರೆ ಹೆಂಗಸರು ಕಾಲಿಗೆ ನೀರು ಕೊಟ್ಟು, ನಮಸ್ಕಾರ ಮಾಡಿ, ಒಂದು ಲೋಟ ಹಾಲು ತಂದಿಟ್ಟು ಗೋಡೆಗೆ ಒರಗಿ ನಿಲ್ಲುತ್ತಿದ್ದರು. ಏನು ಕೇಳಿದರೂ "ನಿಮ್ಮ ಆಶೀರ್ವಾದದಿಂದ ಎಲ್ಲಾ ಛಲೋ ಅದರೀ" ಎನ್ನುವುದು. ಒಂದು ವಾರದಲ್ಲಿ ಅವಳು ಕುಡಿದ ಹಾಲು ಎಷ್ಟೋ, ಬರೆದದ್ದು ಏನೂ ಇಲ್ಲ. ಅದಕ್ಕೇ ಮಲಕಮ್ಮ ಬೇಕಾದಳು.

ಕಾಗದದ ಮೇಲೆ ಮರಾಠಿಯಲ್ಲಿ ಮೂವತ್ತೆರಡು ಪ್ರಶ್ನೆ. ಮನೆಯಲ್ಲಿ ಎಷ್ಟು ಜನ, ಎಷ್ಟು ಕುರಿ, ಏನು ಊಟ, ಹೀಗೆ ನೆಟ್ಟಗೆ ಹೋಗಿ ಆಮೇಲೆ ಬರುತ್ತಿತ್ತು ಮುಖ್ಯವಾದದ್ದು: ಪಾಳಿ ಎಷ್ಟು ದಿನ ಇರುತ್ತದೆ? ದವಾಖಾನೆಯ ಮರಾಠಿಯಲ್ಲಿ ಪಾಳಿ ಎಂದರೆ ಹೆಂಗಸರ ತಿಂಗಳ ಮುಟ್ಟು. ಮಲಕಮ್ಮನಿಗೆ ಅದು ಗೊತ್ತಿತ್ತು. ಓಣಿಯಲ್ಲಿ ಅದಕ್ಕೆ ಇರುವ ಮಾತೇ ಬೇರೆ, "ಹೊರಗ ಕುಂತಾಳ" ಎಂದರೆ ಮುಗಿಯಿತು. ಆದರೆ ಬೀರಪ್ಪನ ಭಂಡಾರದ ಅರಿಶಿನ ಹಚ್ಚಿದ ಹೊಸ್ತಿಲ ಮುಂದೆ, ಗಂಡಸರು ಅಲ್ಲೇ ಹಗ್ಗ ಹೊಸೆಯುತ್ತ ಕೂತಿರುವಾಗ ಆ ಮಾತು ಆಡಲು ಅವಳಿಗೆ ನಾಲಿಗೆ ಏಳಲಿಲ್ಲ. ಕಾಗದದಲ್ಲಿದ್ದ ಮಾತನ್ನು ಇದ್ದ ಹಾಗೆ ಓದುವುದೇ ಒಳ್ಳೆಯದು ಎಂದು ನಿರ್ಧರಿಸಿದಳು. ಓದುವಾಗ ನರ್ಸಬಾಯಿಯ ಹಾಗೆ ಹುಬ್ಬನ್ನೂ ಸ್ವಲ್ಪ ಏರಿಸಿದಳು.

"ಪಾಳಿ ಎಷ್ಟು ದಿನ ಇರ್ತದ?" ಎಂದರೆ ವೈಜನಾಥನ ಹೆಂಡತಿ ಮೀನಲ, "ಹನ್ನೆರಡು ದಿನ ನೋಡಕ್ಕಾ, ಸಾಕಾಗಿ ಹೋಗ್ಯದ," ಎಂದಳು.

"ವೇಳೇಕ ಬರ್ತದೇನು?"

"ಒಮ್ಮೀನೂ ತಪ್ಪಿಲ್ಲ. ತಪ್ಪಿದ್ರ ಮನ್ಯಾಗ ಜಗಳಾನೇ."

ಮುಟ್ಟು ತಪ್ಪಿದರೆ ಇನ್ನೊಂದು ಕೂಸು ಎಂದು ಗಂಡ ಜಗಳಾಡುತ್ತಾನೆ ಅಂತ ಕಾಣುತ್ತದೆ ಎಂದುಕೊಂಡು ಮಲಕಮ್ಮ ಅದನ್ನೂ ಅಂಚಿನಲ್ಲಿ ಬರೆದಳು. ಆ ದಿನಗಳಲ್ಲಿ ಸೊಂಟ ನೋಯುತ್ತದೆಯೆ ಎಂದು ಕೇಳಿದರೆ, "ನೋಯಲಾರ್ದ ಇರ್ತದೇನು, ಕಾಲು ಸೈತ ಬಿದ್ದು ಹೋಗ್ತಾವ," ಎಂಬ ಉತ್ತರ. ಹೀಗೆ ನಲವತ್ತೊಂದು ಕಾಗದ ತುಂಬಿದವು. ಕೈಗೆ ಕಾಗದ ಬಂದರೆ ಕೆಲವರಿಗೆ ಮನೆಯ ಮಾತೇ ಮರೆತುಹೋಗುತ್ತದೆ. ಮಲಕಮ್ಮನಿಗೆ ಆದದ್ದೂ ಅದೇ, ಆದರೆ ಅವಳಿಗೆ ಅದು ಆಗ ಗೊತ್ತಾಗಲಿಲ್ಲ.

ಮೂರು ವಾರದ ಮೇಲೆ ಉಜ್ವಲಾ ಓಡಿ ಬಂದ ಹಾಗೆ ಬಂದಳು. ಪಡಸಾಲೆಯಲ್ಲಿ ಹಾಸಿದ ಕಂಬಳಿಯ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದಳು. ಮಲಕಮ್ಮನ ಸೊಸೆ ಕಾಜಲ ಚಹಾ ತಂದಿಟ್ಟು, ಅಷ್ಟಕ್ಕೇ ಏದುಸಿರು ಬಿಡುತ್ತ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಸಾಸ್ತೂರಿನಿಂದ ಬಂದು ಮೂರು ವರ್ಷವಾದರೂ ಈ ಹುಡುಗಿ ಒಂದು ಕೊಡ ನೀರಿಗೆ ಎರಡು ಕಡೆ ಕೂರುತ್ತಾಳೆ ಎಂಬುದು ಅತ್ತೆಯ ಹಳೆಯ ತಕರಾರು.

"ಮಲಕಮ್ಮಕ್ಕಾ, ಇಲ್ಲಿ ನೋಡ್ರಿ," ಎಂದು ಉಜ್ವಲಾ ಪರದೆಯ ಮೇಲಿನ ಗೆರೆ ತೋರಿಸಿದಳು. ಗೆರೆ ಒಂದೇ ಸಮ ಮೇಲಕ್ಕೆ ಏರಿತ್ತು. "ಯಾರ ಮನ್ಯಾಗ ಕುರಿ ಹೆಚ್ಚು ಆವ, ಅವರ ಪಾಳಿ ದಿನಾನೂ ಹೆಚ್ಚು. ಹತ್ತು ಕುರಿ ಇದ್ದಲ್ಲಿ ನಾಕು ದಿನ, ಮೂವತ್ತು ಇದ್ದಲ್ಲಿ ಹನ್ನೆರಡು. ಕುರಿಯಿಂದ ಹೆಂಗಸರಿಗಿ ಯಾವದೋ ರೋಗ ಹತ್ತಲತ್ತಿರಬೇಕು. ನಮ್ಮ ಮೇಡಮ್ ಅಂದ್ರು, ಇದು ಖರೇ ಇದ್ರ ಭಾಳ ದೊಡ್ಡದು ಅಂತ."

ಇನ್ನು ಹನ್ನೆರಡು ದಿನಕ್ಕೆ ಕಾಲೇಜಿನಲ್ಲಿ ಸಮಿತಿ ಕೂರುವುದಿತ್ತು. ಉಜ್ವಲಾಳ ಸಂಶೋಧನೆ ಮುಂದೆ ಸಾಗಬೇಕೋ ಇಲ್ಲಿಗೇ ನಿಲ್ಲಬೇಕೋ ಎಂದು ತೀರ್ಮಾನ ಮಾಡುವವರು ಅವರು. ಹೋದ ವರ್ಷ, ನಿನ್ನ ಹತ್ತಿರ ಹೇಳಿಕೊಳ್ಳುವಂಥದ್ದು ಏನೂ ಇಲ್ಲ ಎಂದು ಅವಳನ್ನು ಹಾಗೇ ಕಳಿಸಿದ್ದರು. ಈ ಸಲ ಇತ್ತು. ಹುಡುಗಿಯ ಮುಖ ಅರಳಿದ್ದನ್ನು ನೋಡಿ ಮಲಕಮ್ಮನಿಗೂ ಹೆಮ್ಮೆಯಾಯಿತು.

ಅಂಗಳದಲ್ಲಿ ಉಣ್ಣೆ ಬಿಡಿಸುತ್ತಿದ್ದ ಬೀರಣ್ಣನ ಕಿವಿಗೆ ಈ ಮಾತು ಬಿತ್ತು. "ತಾಯಿ, ನಿಮ್ಮ ಲೆಕ್ಕ ಬರೋಬರಿ ಅದ," ಎಂದು ಅಲ್ಲಿಂದಲೇ ಕೂಗಿದ. "ಹತ್ತು ಕುರಿಗಿ ನಾಕು ದಿನ. ನಮ್ಮ ಮುತ್ಯಾನ ಕಾಲದಿಂದ ಅದೇ ದಸ್ತೂರ!"

"ನೋಡ್ರಿ, ಗಂಡಸರಿಗೂ ಗೊತ್ತದ!" ಎಂದು ಉಜ್ವಲಾ ಅದನ್ನೂ ಬರೆದುಕೊಂಡಳು.

ಮಲಕಮ್ಮನಿಗೆ ಆಗ ಹೊಳೆಯಿತು. ಗಂಡಸರು ಹಿಂಡು ಹೊಡೆದುಕೊಂಡು ದೂರ ಹೋದಾಗ ಗಬ್ಬದ ಕುರಿ, ಮರಿಗಳು ಊರಲ್ಲೇ ಉಳಿಯುತ್ತವೆ. ಅವನ್ನು ಕಾಯುವುದು ಓಣಿಯ ಹೆಂಗಸರು, ಒಬ್ಬರಾದ ಮೇಲೆ ಒಬ್ಬರು. ಯಾರ ಕುರಿ ಹೆಚ್ಚೋ ಅವರು ಕಾಯುವ ದಿನವೂ ಹೆಚ್ಚು. ಅದಕ್ಕೆ ಹೆಸರು ಪಾಳಿ. ಮೀನಲಳ ಹನ್ನೆರಡು ದಿನ ಆ ಪಾಳಿಯದು. ತಪ್ಪಿದರೆ ಜಗಳವೂ ಆ ಪಾಳಿಯದೇ. ನಲವತ್ತೊಂದು ಕಾಗದದಲ್ಲಿ ಬರೆದದ್ದೆಲ್ಲ ಕುರಿ ಕಾಯುವ ದಿನ!

ಅವಳು ಬಾಯಿ ತೆರೆದಳು. ಉಜ್ವಲಾ ಅವಳ ಎರಡೂ ಕೈ ಹಿಡಿದು, "ನಿಮ್ಮಿಂದ ಆಯ್ತು ಇದು," ಎಂದಳು. ಬಾಯಿ ಮುಚ್ಚಿತು.

ಮುಂದಿನ ಎರಡು ದಿನ ಮಲಕಮ್ಮನ ತಲೆ ಗೊಂದಲದ ಗೂಡು. ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಮರಿಗಳನ್ನು ಎಣಿಸಲು ಹೋಗಿ ಮೂರು ಸಲ ಮೂರು ಲೆಕ್ಕ ಬಂತು. ಹೇಳಿದರೆ ಹುಡುಗಿಯ ಓದು ನಿಲ್ಲುತ್ತದೆ, ಅದೂ ತನ್ನಿಂದ. ಹೇಳದಿದ್ದರೆ? ಯಾರಿಗೆ ಗೊತ್ತಾಗುತ್ತದೆ? ದೊಡ್ಡ ಡಾಕ್ಟರರು ಬಂದು ಕುರಿಗಳಿಗೆ ಸೂಜಿ ಚುಚ್ಚುತ್ತಾರೆ, ಹೆಂಗಸರಿಗೆ ಇಲ್ಲದ ರೋಗಕ್ಕೆ ಔಷಧಿ ಕುಡಿಸುತ್ತಾರೆ. ರಕ್ತ ಎಲ್ಲಿಗೆ ಹೋಗುತ್ತದೆ ಎಂಬುದು ಮಾತ್ರ ಹಾಗೇ ಉಳಿಯುತ್ತದೆ. ಒಂದು ಗಳಿಗೆ ಇದು ಸರಿ ಎನಿಸುತ್ತಿತ್ತು, ಇನ್ನೊಂದು ಗಳಿಗೆ ಅದು. ಇಷ್ಟು ವರ್ಷ ಗುಳಿಗೆಯ ಚೀಟಿ ಊಹಿಸಿ ಓದಿದ್ದೆಲ್ಲ ನೆನಪಾಯಿತು.

ಮೂರನೆಯ ದಿನ ಉಮರ್ಗಾಕ್ಕೆ ಹೋಗಿ ಬಸ್ಸು ಹತ್ತಿದಳು. ನಿಲಂಗಾದಲ್ಲಿ ಬಸ್ಸು ಬದಲಿಸುವಾಗ ವಾಪಸು ಹೋಗುವ ಗಾಡಿಯೂ ಪಕ್ಕದಲ್ಲೇ ನಿಂತಿತ್ತು. ಅದರಲ್ಲಿ ಒಂದು ಕಾಲಿಟ್ಟೂ ಆಗಿತ್ತು. ಕಂಡಕ್ಟರ್ ಎಲ್ಲಿಗೆ ಎಂದಾಗ ಬಾಯಿಂದ "ಉದಗೀರ" ಎಂದೇ ಬಂತು, ಅವನು ಕೆಳಗಿಳಿಸಿದ.

ಕಾಲೇಜಿನ ವರಾಂಡದಲ್ಲಿ ಉಜ್ವಲಾ ಸಿಕ್ಕಳು. ಮಲಕಮ್ಮ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಹಾರಿಹೋಗಿ, "ತಾಯಿ, ಆ ಪಾಳಿ ಈ ಪಾಳಿ ಅಲ್ಲ," ಎಂದಳು.

"ಯಾವ ಪಾಳಿ?"

"ಕುರಿ ಕಾಯೂದು. ಎಲ್ಲಾರೂ ಅದೇ ಹೇಳ್ಯಾರ. ನಾ ಕುರುಡಿ, ಬರಕೊಂಡು ಬಂದೆ."

ಉಜ್ವಲಾಳಿಗೆ ನಗು ಬಂತು. ಹೊಟ್ಟೆ ಹಿಡಿದು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗು ನಿಂತರೂ ನೀರು ನಿಲ್ಲಲಿಲ್ಲ. ಮಲಕಮ್ಮ ಬೈಗುಳಕ್ಕೆ ತಯಾರಾಗಿ ಬಂದಿದ್ದಳು, ಅದು ಬರಲೇ ಇಲ್ಲ. ಅದರಿಂದ ಅವಳಿಗೆ ಇನ್ನಷ್ಟು ದಿಕ್ಕು ತೋಚದಂತಾಯಿತು.

"ನಿಮ್ದೊಂದೇ ತಪ್ಪಲ್ಲ," ಎಂದಳು ಉಜ್ವಲಾ ಮೂಗು ಒರೆಸಿಕೊಳ್ಳುತ್ತ. "ನಾ ಕನ್ನಡದ ಮನ್ಯಾಗ ಹುಟ್ಟಿ ಕಾಗದ ಮರಾಠಿದಾಗ ಬರದೆ. ನೀವು ಮನ್ಯಾಗ ಏನಂತೀರಿ ಅಂತ ಒಂದು ಮಾತು ಕೇಳಲಿಲ್ಲ. ಸಮಿತಿ ಮುಂದ ನಿಂತು ಕುರಿ ಲೆಕ್ಕ ಒದರತಿದ್ದೆ ನೋಡ್ರಿ! ಇನ್ನ ಒಂಬತ್ತು ದಿನ ಅದ. ಮತ್ತ ಕೇಳೋಣು. ಈ ಸಲ ನಿಮ್ಮ ಮಾತಿನಾಗೇ."

ಮಲಕಮ್ಮ ಮತ್ತೆ ಓಣಿ ಸುತ್ತಿದಳು. ಈ ಸಲ ಹೆಂಗಸರನ್ನು ಒಬ್ಬೊಬ್ಬರನ್ನೇ ಹಿತ್ತಲಿಗೆ ಕರೆದು, ದನಿ ತಗ್ಗಿಸಿ, "ಹೊರಗ ಎಷ್ಟು ದಿನ ಇರ್ತಿ?" ಎಂದು ನೇರವಾಗಿ ಕೇಳಿದಳು. ಮೀನಲ ನಾಚಿಕೊಂಡು, "ನಾಕು," ಎಂದಳು. ಮುಂದಿನವಳೂ ನಾಲ್ಕು. ಅದರ ಮುಂದಿನವಳೂ ನಾಲ್ಕು. ಕೆಲಸ ಸರಾಗವಾಗಿ ನಡೆಯಿತು. ನಾಲ್ಕೇ ದಿನದಲ್ಲಿ ಎಲ್ಲ ಮುಗಿಸಿ, ಉಜ್ವಲಾಳನ್ನು ಕರೆಸಿ, ಕಾಗದದ ಕಟ್ಟನ್ನು ಅವಳ ತೊಡೆಯ ಮೇಲಿಟ್ಟಳು. ತಪ್ಪು ತಿದ್ದಿದ ಸಮಾಧಾನ ಅವಳಿಗೆ.

ಉಜ್ವಲಾ ಒಂದೊಂದೇ ತಿರುವಿದಳು. ಹತ್ತು ಕಾಗದದ ಹೊತ್ತಿಗೆ ಅವಳ ಹಣೆಯಲ್ಲಿ ಗೆರೆ ಮೂಡಿತು.

"ಎಲ್ಲಾರದೂ ನಾಕೇ ಅದಲ್ರೀ?"

"ಹೂಂ ತಾಯಿ. ಈ ಸಲ ಒಬ್ಬಾಕೀನೂ ತಪ್ಪು ಹೇಳಿಲ್ಲ."

"ಒಬ್ಬಾಕಿದು ಮೂರು, ಒಬ್ಬಾಕಿದು ಆರು, ಏಳು, ಹಿಂಗ ಇರಬೇಕ್ರೀ. ಎಲ್ಲಾರ ಮೈ ಒಂದೇ ಅಳತೀದು ಇರಾಂಗಿಲ್ಲ."

ಮಲಕಮ್ಮನಿಗೆ ಸ್ವಲ್ಪ ಸಿಟ್ಟೇ ಬಂತು. ಹನ್ನೆರಡು ಎಂದರೆ ಹೆಚ್ಚಾಯಿತು, ನಾಲ್ಕು ಎಂದರೆ ಕಡಿಮೆಯಾಯಿತು. ಈ ಓದಿದವರಿಗೆ ಎಷ್ಟು ಬೇಕು ಎಂದು ಮೊದಲೇ ಹೇಳಬಾರದೆ? "ನಾಕು ಅಲ್ದ ಮತ್ತೆಷ್ಟು ಇರ್ತದ ತಾಯಿ? ನಾಕು ದಿನ ಹೊರಗ ಕುಂದ್ರೂದು, ಐದನೇ ದಿನ ತಲೀಮ್ಯಾಲ ನೀರು ಹಾಕ್ಕೊಂಡು ಒಳಗ ಬರೂದು. ಅದು ಬೀರಪ್ಪನ ನೇಮ. ಯಾರಿದ್ರೂ ಅಷ್ಟೇ..."

ಹೇಳುತ್ತ ಹೇಳುತ್ತ ಅವಳ ದನಿ ತಾನಾಗಿ ಇಳಿಯಿತು.

"ಅದು ನೇಮದ ಲೆಕ್ಕ," ಎಂದಳು ಉಜ್ವಲಾ ಮೆಲ್ಲಗೆ. "ಮೈದು ಅಲ್ಲ."

ಒಂದು ಸಲ ಕುರಿಯ ಲೆಕ್ಕ ಬಂದಿತ್ತು, ಇನ್ನೊಂದು ಸಲ ದೇವರ ಲೆಕ್ಕ. ಹೆಂಗಸಿನ ಲೆಕ್ಕ ಕೇಳಲು ಈ ಓಣಿಯಲ್ಲಿ ಒಂದು ಮಾತಾದರೂ ಇದೆಯೋ ಇಲ್ಲವೋ ಎಂದು ಮಲಕಮ್ಮ ಹುಡುಕಿದಳು, ಸಿಗಲಿಲ್ಲ. ಸಮಿತಿಗೆ ಐದೇ ದಿನ ಉಳಿದಿತ್ತು.

ಉಜ್ವಲಾ ಕಾಗದಗಳನ್ನು ಇನ್ನೊಮ್ಮೆ ನೋಡುತ್ತ ಕೊನೆಯದರ ಮೇಲೆ ಬೆರಳಿಟ್ಟಳು. "ಇದು ನಿಮ್ಮ ಸೊಸಿದು. ಇದರಾಗೂ ನಾಕು. ಏನ್ ಕೇಳಿದ್ರಿ ಇವರಿಗಿ?"

"ಇಕಿಗೇನು ಕೇಳೂದು ತಾಯಿ? ನನ್ನ ಕಣ್ಣ ಮುಂದೇ ಇರ್ತಾಳ. ನಾನೇ ಬರದೆ."

"ಮದಲನೇ ಸಲ?"

"ಆಗೂ ನಾನೇ ಬರದೆ."

ಉಜ್ವಲಾ ಕಾಜಲಳನ್ನು ಕರೆದಳು. ಹುಡುಗಿ ರೊಟ್ಟಿ ತಟ್ಟುತ್ತಿದ್ದ ಕೈ ಒರೆಸಿಕೊಂಡು ಬಂದು ಅತ್ತೆಯ ಮುಖ ನೋಡಿದಳು. ಎಷ್ಟು ದಿನ ಎಂದರೆ ಅವಳೂ "ನಾಕು" ಎಂದಳು. ಉಜ್ವಲಾ ಕಾಗದ ಕೆಳಗಿಟ್ಟಳು. ಪೆನ್ನನ್ನೂ ಕೆಳಗಿಟ್ಟಳು.

"ಕಾಜಲ, ಬಟ್ಟಿ ಎಷ್ಟು ದಿನ ಕಟ್ಟಿಕೋತಿ?"

ಇಂಥ ಪ್ರಶ್ನೆಯನ್ನು ಈ ಮನೆಯಲ್ಲಿ ಯಾರೂ ಯಾರಿಗೂ ಕೇಳಿರಲಿಲ್ಲ. ಕಾಜಲಳ ಕಣ್ಣು ನೆಲಕ್ಕೆ ಇಳಿಯಿತು. ಕೈಗೆ ಉಳಿದ ಹಿಟ್ಟು ಉಜ್ಜುತ್ತ, "ಹದಿನೆಂಟು. ಒಮ್ಮೊಮ್ಮಿ ಇಪ್ಪತ್ತು," ಎಂದಳು.

"ಯಾವಾಗಿಂದ?"

"ಎರಡು ವರ್ಷ ಆಯ್ತ್ರೀ."

ಮಲಕಮ್ಮನಿಗೆ ಮೊದಲು ಅರ್ಥವೇ ಆಗಲಿಲ್ಲ, ಅರ್ಥವಾದಾಗ ಮೈ ಕಾವೇರಿತು. "ಮತ್ತ ಐದನೇ ದಿನ ಒಳಗ ಬರ್ತಿದ್ದಿ? ದೇವರ ಮುಂದ ಓಡಾಡ್ತಿದ್ದಿ? ದೀಪಾ ಹಚ್ಚತಿದ್ದಿ?"

"ದೀಪಾ ಹಚ್ಚಿಲ್ರೀ ಅತ್ತಿ," ಎಂದಳು ಕಾಜಲ ಗಾಬರಿಯಿಂದ. "ಅವರ ಕಡಿಂದೇ ಹಚ್ಚಸ್ತಿದ್ದೆ. ಭಂಡಾರ ಮುಟ್ಟಿಲ್ಲ. ಆಣಿ ಮಾಡಿ ಹೇಳ್ತೀನ್ರೀ. ಅಡಗಿ ಅಷ್ಟೇ ಮಾಡೀನಿ. ಇಪ್ಪತ್ತು ದಿನ ಹೊರಗೇ ಕುಂತ್ರ ರೊಟ್ಟಿ ಯಾರು ತಟ್ಟಬೇಕು?"

ಮಗ ಗುರುನಾಥನಿಗೆ ಎರಡು ವರ್ಷದಿಂದ ಭಕ್ತಿ ಹುಟ್ಟಿದೆ, ದಿನಾ ಸಂಜೆ ತಾನೇ ದೀಪ ಹಚ್ಚುತ್ತಾನೆ ಎಂದು ಮಲಕಮ್ಮ ಊರ ತುಂಬ ಹೇಳಿಕೊಂಡು ಬಂದಿದ್ದಳು. ಅವನಿಗೆ ಗೊತ್ತಿತ್ತು. ಗಂಡನಿಗೆ ಗೊತ್ತಿದ್ದದ್ದು, ಅದೇ ಒಲೆಯ ಮುಂದೆ ಕೂತ ತನಗೆ ಗೊತ್ತಿಲ್ಲ. ದೇವರ ಮೈಲಿಗೆಗೆ ಸಿಟ್ಟಾಗಬೇಕೋ, ಸೊಸೆಯ ಸುಣ್ಣದಂತೆ ಬಿಳಿಚಿದ ಮುಖಕ್ಕೆ ಹೆದರಬೇಕೋ, ಅವಳನ್ನು ಮೈಗಳ್ಳಿ ಎಂದು ಅಂದದ್ದಕ್ಕೆ ಅಳಬೇಕೋ ತಿಳಿಯಲಿಲ್ಲ. ಹೊಡೆಯಲು ಎತ್ತಿದ್ದೋ ತಬ್ಬಲು ಎತ್ತಿದ್ದೋ, ಅವಳ ಕೈ ಅರ್ಧಕ್ಕೇ ನಿಂತಿತು.

"ನನಗ್ಯಾಕ ಹೇಳಲಿಲ್ಲ?"

"ನೀವು ಕಾಗದ ಹಿಡಕೊಂಡು ಓಣಿಗಿ ಹೋದಾಗ, ನಾಳಿ ನನ್ನ ಕೇಳ್ತಾರ ಅಂದಕೊಂಡೆ," ಎಂದಳು ಕಾಜಲ. "ಎರಡನೇ ಸಲಾನೂ ಹಂಗೇ ದಾರಿ ನೋಡಿದೆ. ಇಡೀ ಓಣಿಗಿ ಕೇಳಿದ್ರಿ ಅತ್ತಿ. ನನಗ ಕೇಳಲಿಲ್ಲ."

ಉಜ್ವಲಾ, ನಾಳೆ ಬೆಳಿಗ್ಗೆಯೇ ಕಾಜಲಳನ್ನು ಉಮರ್ಗಾದ ಸರಕಾರಿ ದವಾಖಾನೆಗೆ ಕರೆದುಕೊಂಡು ಹೋಗಬೇಕು, ತಾನೂ ಬರುತ್ತೇನೆ ಎಂದಳು. ಸಮಿತಿಯ ಮಾತು ತೆಗೆದವಳು ಮಲಕಮ್ಮನೇ.

"ಅವರ ಮುಂದ ಏನ್ ಹೇಳ್ತೀರಿ ತಾಯಿ?"

"ಎರಡು ಸಲ ಕೇಳಿದ್ದೂ ತಪ್ಪು ಕೇಳೀವಿ ಅಂತ ಹೇಳ್ತೀನಿ. ಮೂರನೇ ಸಲ ಹ್ಯಾಂಗ ಕೇಳಬೇಕು ಅಂತ ಇವತ್ತ ಗೊತ್ತಾಗ್ಯದ ಅಂತ ಹೇಳ್ತೀನಿ. ಮುಂದ ಬಿಟ್ರ ಬಿಡಲಿ, ಇಲ್ಲಂದ್ರ ಇಲ್ಲ." ಅವಳ ದನಿ ಅಷ್ಟೇನೂ ಗಟ್ಟಿಯಾಗಿರಲಿಲ್ಲ. ಕಾಜಲಳ ಕಾಗದ ಎತ್ತಿಕೊಂಡು, ನಾಲ್ಕನ್ನು ಹೊಡೆದುಹಾಕಿ, ಪೆನ್ನನ್ನು ಮಲಕಮ್ಮನ ಕಡೆಗೆ ಚಾಚಿದಳು.

ಮಲಕಮ್ಮ ಪೆನ್ನು ತೆಗೆದುಕೊಳ್ಳಲಿಲ್ಲ.

"ಇಕಿದು ನೀವೇ ಬರಕೋರಿ. ಮದಲಿಂದ ಕೇಳ್ರಿ, ಮೂವತ್ತೆರಡೂ ಕೇಳ್ರಿ. ನಾ ಮುಂದ ಕುಂತ್ರ ಇಕಿ ಖರೇ ಹೇಳಾಂಗಿಲ್ಲ," ಎಂದು ಎದ್ದು, ಬಾಗಿಲು ಮುಂದಕ್ಕೆ ಎಳೆದುಕೊಂಡು, ಅಂಗಳದ ಕಟ್ಟೆಯ ಮೇಲೆ ಹೋಗಿ ಕೂತಳು.

ಒಳಗಿನಿಂದ ಉಜ್ವಲಾಳ ದನಿ ಕೇಳುತ್ತಿತ್ತು, ಆಮೇಲೆ ಕಾಜಲಳದು. ಮೊದಮೊದಲು ಒಂದೊಂದೇ ಮಾತು, ಆಮೇಲೆ ಉದ್ದುದ್ದ. ಮೂರು ವರ್ಷದಲ್ಲಿ ಈ ಹುಡುಗಿ ಇಷ್ಟು ಮಾತಾಡಿದ್ದನ್ನು ಅತ್ತೆ ಕೇಳಿರಲಿಲ್ಲ. ಏನು ಹೇಳುತ್ತಿದ್ದಾಳೆ ಎಂದು ಕಿವಿಗೊಡಬೇಕೆನಿಸಿತು, ಆದರೆ ಹಾಗೆ ಮಾಡುವುದು ಸರಿಯಲ್ಲವೆಂದು ಸುಮ್ಮನಾದಳು.

ಹಟ್ಟಿಯಿಂದ ಬಂದ ಬೀರಣ್ಣ ಹೆಂಡತಿಯನ್ನು ನೋಡಿ ನಿಂತ. "ಯಾಕ, ಹೊರಗ ಕುಂತಿ?" ಎಂದು ಕೇಳಿ, ಆ ಮಾತಿಗೆ ಇರುವ ಇನ್ನೊಂದು ಅರ್ಥ ನೆನಪಾಗಿ ತಾನೇ ಪೆಚ್ಚಾದ.

"ಒಳಗ ಹೋಗಬ್ಯಾಡ್ರಿ," ಎಂದಳು ಮಲಕಮ್ಮ. "ಸೊಸಿ ಮಾತಾಡ್ಲತ್ತಾಳ."

"ಯಾರ ಸಂಗಾಟ?"

"ಕೇಳೋರ ಸಂಗಾಟ."

ಬೀರಣ್ಣನಿಗೆ ಏನೂ ತಿಳಿಯಲಿಲ್ಲ. ಮಲಕಮ್ಮ ಸ್ವಲ್ಪ ಸರಿದು ಜಾಗ ಬಿಟ್ಟಳು, ಅವನೂ ಪಕ್ಕದಲ್ಲಿ ಕೂತ.